ಉಪ್ಪಳದಲ್ಲಿ ಒಡೆದ ಸೀಲು

ಎರಡು ಸಾವಿರದ ಹದಿನೆಂಟರ ಏಪ್ರಿಲ್, ಒಂದು ಶುಕ್ರವಾರ. ಬೆಳಿಗ್ಗೆ ಎಂಟೂವರೆಗೆ ನಲವತ್ತು ಅಡಿ ಉದ್ದದ ಕಂಟೇನರ್ ಹೊತ್ತ ಲಾರಿ ನಮ್ಮ ಫ್ಯಾಕ್ಟರಿಯ ಅಂಗಳಕ್ಕೆ ಹಿಮ್ಮುಖವಾಗಿ ಬಂದು ನಿಂತಿತು. ಬದಿಯಡ್ಕ ಪೇಟೆಯಿಂದ ತುಸು ಒಳಗಿದ್ದ ಆ ಫ್ಯಾಕ್ಟರಿಯಲ್ಲಿ ಅಡಿಕೆ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ, ತಟ್ಟೆ ಮಾಡಿ ಯುರೋಪಿಗೆ ಕಳಿಸುತ್ತಿದ್ದರು. ತಟ್ಟೆ ಮಾಡುವುದು ನನಗೆ ಗೊತ್ತಿರಲಿಲ್ಲ. ಅದರ ಜೊತೆಗೆ ಹೋಗುವ ಕಾಗದಗಳು ಮಾತ್ರ ನನ್ನವು: ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ತೂಕದ ಘೋಷಣೆ, ಸೀಲಿನ ವಿವರ.

ಮೊದಲೆಲ್ಲ ಕಂಟೇನರ್ ತುಂಬುವ ದಿನ ಸುಂಕ ಇಲಾಖೆಯ ಅಧಿಕಾರಿಯೊಬ್ಬರು ಬರುತ್ತಿದ್ದರು. ಕುರ್ಚಿ ಹಾಕಿ ಕೂತು, ಪೆಟ್ಟಿಗೆ ಎಣಿಸಿ, ತಾವೇ ಸೀಲು ಹಾಕಿ ಹೋಗುತ್ತಿದ್ದರು. ಅದರ ಹಿಂದಿನ ವರ್ಷ ಪದ್ಧತಿ ಬದಲಾಗಿತ್ತು. ಅನುಮತಿ ಪಡೆದ ಫ್ಯಾಕ್ಟರಿಗಳು ತಾವೇ ಸೀಲು ಹಾಕಬಹುದು. ಬೆರಳುದ್ದದ ಉಕ್ಕಿನ ಬೋಲ್ಟು, ಅದರ ತಲೆಯೊಳಗೆ ಒಂದು ಎಲೆಕ್ಟ್ರಾನಿಕ್ ಚಿಪ್. ಒಮ್ಮೆ ಒತ್ತಿದರೆ ಕತ್ತರಿಸದೆ ತೆಗೆಯಲಾಗದು. ಬಂದರಿನ ಗೇಟಿನಲ್ಲಿ ಕಸ್ಟಮ್ಸಿನವರು ಯಂತ್ರ ಹಿಡಿದು ಅದನ್ನು ಓದುತ್ತಾರೆ. ಸೀಲು ಸರಿ ಇದ್ದರೆ ಪೆಟ್ಟಿಗೆ ತೆರೆಯದೆ ಹಡಗಿಗೆ ಬಿಡುತ್ತಾರೆ. ಅಧಿಕಾರಿಯ ಜಾಗದಲ್ಲಿ ಈಗ ಸಹಿ ಹಾಕುವವಳು ನಾನು. ಸಹಿ ಹಾಕಬೇಕಿದ್ದ ಹಾಳೆಯ ಕೊನೆಯಲ್ಲಿ ಒಂದು ವಾಕ್ಯ: ಕಂಟೇನರಿನ ಒಳಭಾಗವನ್ನು ಖುದ್ದಾಗಿ ಪರಿಶೀಲಿಸಿದ್ದೇನೆ, ಘೋಷಿಸಿದ ಸರಕಲ್ಲದೆ ಬೇರೇನೂ ಇಲ್ಲ.

ಲೋಡಿಂಗಿಗೆ ನಾಲ್ವರಿದ್ದರು. ಮೂವರು ನಡುವಯಸ್ಸಿನವರು, ನಾಲ್ಕನೆಯವರು ಅರವತ್ತು ದಾಟಿದ ಹಿರಿಯ. ಅವರನ್ನು ಎಲ್ಲರೂ ಮಾಮ ಎಂದೇ ಕರೆಯುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದು, ನಮ್ಮ ಕಡೆಯ ಹಳಬರು ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ, ಬಾಯಮ್ಮ ಎಂದು. ಭಾರದ ಪೆಟ್ಟಿಗೆ ಎತ್ತುವುದು ಅವರಿಗೆ ಆಗುತ್ತಿರಲಿಲ್ಲ. ಆದರೆ ಸಾಲು ಕಟ್ಟುವುದರಲ್ಲಿ ಅವರಷ್ಟು ನಾಜೂಕು ಬೇರೆಯವರಿಗಿಲ್ಲ. ಎಲ್ಲ ಮುಗಿದ ಮೇಲೆ ತೇವ ಹೀರುವ ಚೀಲಗಳನ್ನು ಕಂಟೇನರಿನ ಮಾಡಿಗೆ ಕಟ್ಟುವುದೂ ಅವರದೇ ಕೆಲಸ. ಸಮುದ್ರದ ಮೇಲೆ ಒಂದು ತಿಂಗಳು ಹೋಗುವ ಹಾಳೆತಟ್ಟೆಗೆ ಬೂಸಲು ಹಿಡಿಯದಿರಲು ಆ ಚೀಲ ಬೇಕು. ಪೆಟ್ಟಿಗೆಗಳ ಮೇಲೆ, ಮಾಡಿನ ಕೆಳಗೆ ಒಂದೂವರೆ ಅಡಿ ಜಾಗ ಉಳಿಯುತ್ತದೆ. ಅದರಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಕೊನೆಯವರೆಗೆ ಹೋಗಿ ಕಟ್ಟಿ ಬರಬೇಕು.

ಆ ದಿನ ಎಲ್ಲರಿಗೂ ಅವಸರ. ಹಡಗಿಗೆ ಸರಕು ಒಪ್ಪಿಸಲು ಮರುದಿನ ಮಧ್ಯಾಹ್ನದ ಗಡುವು ಇತ್ತು. ಹನ್ನೆರಡೂಕಾಲಿಗೆ ಕೊನೆಯ ಸಾಲು ಮುಗಿಯುತ್ತಿದ್ದಂತೆ ಮೂವರೂ ಕೈಕಾಲು ತೊಳೆದು ಜುಮಾ ನಮಾಜಿಗೆ ಹೊರಟರು. ನಮ್ಮ ಮಾಲಕರು, ಎಲ್ಲರೂ ಹಾಜಿಯವರು ಎನ್ನುವ ಗಲ್ಫಿನಿಂದ ಮರಳಿದ ಹಿರಿಯರು, ಅದಕ್ಕೂ ಮೊದಲೇ ಹೋಗಿದ್ದರು. ಸೂಪರ್‌ವೈಸರ್ ಊಟಕ್ಕೆ ಹೋಗುತ್ತಾ, "ಚೀಲ ಕಟ್ಟಿ ಆಯ್ತು ಕಾಣ್ತದೆ ಮೇಡಂ, ನೀವು ಸೀಲ್ ಹಾಕಿ" ಎಂದ. ನಾನು ಬಾಗಿಲಿನ ಬಳಿ ನಿಂತು ಒಮ್ಮೆ ಒಳಗೆ ನೋಡಿದೆ. ಕಂಡದ್ದು ಪೆಟ್ಟಿಗೆಗಳ ಗೋಡೆ, ಅದರ ಮೇಲೆ ಕತ್ತಲೆಯ ಒಂದು ಪಟ್ಟಿ. ಲಾರಿಯ ಇಂಜಿನ್ ಆಗಲೇ ಗುರುಗುಡುತ್ತಿತ್ತು, ಹಿಂದೆ ಅಚ್ಚಿನ ಯಂತ್ರಗಳ ಸದ್ದು. ಡ್ರೈವರ್ ಬಾಗಿಲು ಮುಚ್ಚಿದ. ನಾನು ಸೀಲು ಒತ್ತಿ, ಅದರ ನಂಬರನ್ನು ಗಟ್ಟಿಯಾಗಿ ಎರಡು ಸಲ ಓದಿ ಬರೆದುಕೊಂಡೆ. ಆಫೀಸಿಗೆ ಹೋಗಿ ಘೋಷಣೆಯ ಹಾಳೆಗೆ ಸಹಿ ಹಾಕಿ, ಸೀಲಿನ ನಂಬರ್, ಕಂಟೇನರಿನ ನಂಬರ್, ಲಾರಿಯ ನಂಬರ್, ಸೀಲು ಹಾಕಿದ ಸಮಯ ಎಲ್ಲ ಕಂಪ್ಯೂಟರಿಗೆ ಏರಿಸಿದೆ. ಒಂದು ಗಂಟೆ ಹತ್ತು ನಿಮಿಷ. ಲಾರಿ ಹೊರಟಿತು.

ಎರಡು ಗಂಟೆಯ ಹೊತ್ತಿಗೆ ಡ್ರೈವರ್ ವಾಟ್ಸಾಪಿನಲ್ಲಿ ತೂಕದ ಚೀಟಿಯ ಫೋಟೋ ಕಳಿಸಿದ. ಹಡಗಿನ ಕಂಪನಿಗೆ ಪ್ರತಿ ಕಂಟೇನರಿನ ಒಟ್ಟು ತೂಕ ಕೊಡಲೇಬೇಕು. ದಾರಿಯ ವೇಬ್ರಿಜ್ಜಿನಲ್ಲಿ ತೂಗಿದ ತೂಕ ನನ್ನ ಪ್ಯಾಕಿಂಗ್ ಲಿಸ್ಟಿನ ಲೆಕ್ಕಕ್ಕಿಂತ ಅರುವತ್ತು ಕಿಲೋ ಹೆಚ್ಚಿತ್ತು. ಅಷ್ಟು ವ್ಯತ್ಯಾಸವನ್ನು ಯಾರೂ ಕೇಳುವುದಿಲ್ಲ. ಹಾಳೆ ತೇವ ಹಿಡಿದಿದ್ದರೆ ಅದಕ್ಕಿಂತ ಹೆಚ್ಚೂ ಆಗುತ್ತದೆ. ನಾನು ಹಾಗೆಯೇ ತುಂಬಿಸಿ, ಬುತ್ತಿ ಬಿಚ್ಚಿದೆ.

ಎರಡೂವರೆಗೆ ಲೋಡಿಂಗಿನ ಮೂವರೂ ಮರಳಿದರು. ಅವರಲ್ಲೊಬ್ಬ ಆಫೀಸಿನ ಬಾಗಿಲಿಗೆ ಬಂದು, "ಮೇಡಂ, ಮಾಮ ಎಲ್ಲಿ? ಅವರ ಬುತ್ತಿ ಹಾಗೇ ಉಂಟು" ಎಂದ.

"ಮನೆಗೆ ಹೋದ್ರೋ ಎಂತದೋ" ಎಂದೆ.

"ಅಂಗಿ ಇಲ್ಲೇ ಉಂಟಲ್ಲ."

ನಾನು ಅವರ ಮೊಬೈಲಿಗೆ ಫೋನ್ ಮಾಡಿದೆ. ಮೊಳೆಗೆ ನೇತುಹಾಕಿದ್ದ ಅಂಗಿಯ ಕಿಸೆಯಲ್ಲಿ ಅದು ರಿಂಗಾಯಿತು. ಆಗಲೂ ನನಗೆ ಹೊಳೆಯಲಿಲ್ಲ. ಕಕ್ಕಸಿನ ಕಡೆ, ಹಾಳೆ ಒಣಗಿಸುವ ಅಂಗಳದ ಕಡೆ ಹುಡುಕಿದೆವು. ಪ್ಯಾಕಿಂಗಿನ ಹೆಂಗಸರನ್ನು ಕೇಳಿದೆವು. ಕೊನೆಗೆ ಸೂಪರ್‌ವೈಸರ್ ಅಂಗಳದ ನಡುವೆ ಬಗ್ಗಿ ಏನನ್ನೋ ಎತ್ತಿದ. ರಬ್ಬರಿನ ಚಪ್ಪಲಿ. ಪೆಟ್ಟಿಗೆಯ ಮೇಲೆ ಹತ್ತುವಾಗ ಲೋಡಿಂಗಿನವರು ಚಪ್ಪಲಿಯನ್ನು ಕಂಟೇನರಿನ ಬಾಗಿಲ ಕೆಳಗೆ ಬಿಟ್ಟು ಹತ್ತುತ್ತಾರೆ. ಒಂದು ಚಪ್ಪಲಿ ಇದ್ದ ಹಾಗೆಯೇ ಇತ್ತು. ಇನ್ನೊಂದರ ಮೇಲೆ ಲಾರಿಯ ಚಕ್ರ ಹೋಗಿತ್ತು.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಅರುವತ್ತು ಕಿಲೋ. ಚೀಟಿಯಲ್ಲಿ ಅದನ್ನು ಓದಿದ್ದೆ, ಬರೆದಿದ್ದೆ, ಊಟ ಮಾಡಿದ್ದೆ.

"ಅವರಿಗೆ ಶುಗರ್ ಉಂಟು. ಬೆಳಿಗ್ಗೆ ಎಂತದೂ ತಿಂದಿರಲಿಲ್ಲ. ಒಳಗೆ ತಲೆ ತಿರುಗಿರ್ಬೇಕು" ಎಂದ ಲೋಡಿಂಗಿನವನು.

ಡ್ರೈವರಿಗೆ ಫೋನ್ ಮಾಡಿದೆ. ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದೆ. ಇನ್ನೊಮ್ಮೆ. ಹಾಜಿಯವರ ಫೋನು ಸ್ವಿಚ್ ಆಫ್. ಮಸೀದಿಯಿಂದ ನೇರ ನೆಂಟರ ಮದುವೆಗೆ ಹೋಗಿದ್ದರು. ಆಗ ನೆನಪಾದದ್ದು ಇನ್ನೂ ಕೆಟ್ಟ ಸಂಗತಿ. ಆ ಸರಕಿಗೆ ಹುಳ ಹಿಡಿಯದಂತೆ ವಿಷದ ಹೊಗೆ ಹಾಕಿದ ಪ್ರಮಾಣಪತ್ರ ಬೇಕಿತ್ತು. ಬಂದರಿನ ಹತ್ತಿರದ ಯಾರ್ಡಿಗೆ ಲಾರಿ ಮುಟ್ಟಿದೊಡನೆ ಹೊಗೆ ಹಾಕುವವನು ಬಾಗಿಲಿನ ಸಂದಿಯಿಂದ ಕೊಳವೆ ತೂರಿಸಿ ಅನಿಲ ಬಿಡುತ್ತಾನೆ. ಒಳಗೇನಿದೆ ಎಂದು ಅವನು ನೋಡುವುದಿಲ್ಲ, ಏಕೆಂದರೆ ಸೀಲು ನನ್ನದು. ಅವನ ನಂಬರು ಒತ್ತಿದೆ. ಅವನು ಎತ್ತಿದ.

"ನಮ್ಮ ಕಂಟೇನರಿಗೆ ಗ್ಯಾಸ್ ಹಾಕ್ಬೇಡಿ. ನಾನು ಹೇಳುವವರೆಗೆ ಮುಟ್ಟಲೇಬೇಡಿ."

"ಯಾಕೆ ಮೇಡಂ, ಎಂತಾಯ್ತು?"

"ಮುಟ್ಬೇಡಿ ಅಷ್ಟೆ."

ಅವನು ಸರಿ ಎಂದ. ಹೊಗೆಯ ಭಯ ಕಳೆಯಿತು, ಬಿಸಿಲಿನದು ಉಳಿಯಿತು. ಏಪ್ರಿಲಿನ ಮಧ್ಯಾಹ್ನ ಉಕ್ಕಿನ ಪೆಟ್ಟಿಗೆಯ ಮಾಡಿನಿಂದ ಒಂದೂವರೆ ಅಡಿ ಕೆಳಗೆ ಒಬ್ಬ ಮನುಷ್ಯ.

ಫ್ಯಾಕ್ಟರಿಯ ಜೀಪಿನಲ್ಲಿ ನಾನು, ಸೂಪರ್‌ವೈಸರ್ ಮತ್ತು ಲೋಡಿಂಗಿನ ಇಬ್ಬರು ಹೊರಟೆವು. ಸೀತಾಂಗೋಳಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಡ್ರೈವರೇ ಫೋನ್ ಮಾಡಿದ. ಉಪ್ಪಳದಲ್ಲಿ ಹೈವೇಯ ಪಕ್ಕ ಲಾರಿ ನಿಲ್ಲಿಸಿ ಊಟ ಮಾಡುತ್ತಿದ್ದನಂತೆ, ಫೋನು ಲಾರಿಯಲ್ಲೇ ಇತ್ತು.

"ಅಲ್ಲೇ ನಿಲ್ಲಿ. ಕಂಟೇನರಿಗೆ ಕೈಯಿಂದ ಬಡಿದು ನೋಡಿ, ಒಳಗೆ ಸದ್ದು ಉಂಟಾ ಕೇಳಿ. ಮಾಮ ಒಳಗೆ ಇದ್ದಾರೆ ಅಂತ ಸಂಶಯ."

ಫೋನಿನಲ್ಲಿ ಅವನು ಬಡಿಯುವುದು ನನಗೂ ಕೇಳಿತು. ಮತ್ತೆ ಬಡಿದ. ಹೈವೇಯ ವಾಹನಗಳ ಸದ್ದು. "ಎಂತ ಕೇಳುದಿಲ್ಲ ಮೇಡಂ" ಎಂದ. ಅವನ ಸ್ವರ ಸಣ್ಣಗಾಗಿತ್ತು.

ಸೀಲು ಒಡೆಯಲು ಹೇಳಬೇಕು ಎನಿಸಿತು, ಆದರೆ ಬಾಯಿಗೆ ಬರಲಿಲ್ಲ. ಬದಲಿಗೆ ಮಂಗಳೂರಿನ ನಮ್ಮ ಕಸ್ಟಮ್ಸ್ ಏಜೆಂಟರಿಗೆ ಫೋನ್ ಮಾಡಿದೆ. ಬಂದರಿನಲ್ಲಿ ನಮ್ಮ ಪರವಾಗಿ ಕಾಗದ ನಡೆಸುವವರು ಅವರು, ಮೂವತ್ತು ವರ್ಷದ ಅನುಭವ. ಕೇಳಿದವರೇ ಕೂಗಿದರು: "ರಸ್ತೆಯಲ್ಲಿ ಸೀಲ್ ಮುಟ್ಟಬೇಡಿ ಮಾರಾಯ್ತಿ! ಮಾಹಿತಿ ಏರಿಸಿ ಆಗಿದೆ. ದಾರಿಯಲ್ಲಿ ಒಡೆದ್ರೆ ಕಳ್ಳಸಾಗಣೆ ಅಂತಲೇ ಮೊದಲ ಪ್ರಶ್ನೆ. ನಿಮ್ಮ ಪರ್ಮಿಶನ್ ಹೋಗ್ತದೆ, ಸಹಿ ಹಾಕಿದವರ ಮೇಲೆ ಕೇಸ್. ಇಲ್ಲಿಗೆ ತನ್ನಿ, ಅಧಿಕಾರಿಯ ಎದುರಲ್ಲೇ ತೆಗೆಸುವಾ."

"ಅಲ್ಲಿಗೆ ಮುಟ್ಟಿ, ಗೇಟಿನ ಕ್ಯೂ ಮುಗಿಸಿ, ಅವರು ಬರುವಷ್ಟರಲ್ಲಿ ಎಷ್ಟು ಹೊತ್ತಾದೀತು?"

"ಮೂರು ಗಂಟೆ. ಒಳಗೆ ಇದ್ದಾರೆ ಅಂತ ಗ್ಯಾರಂಟಿ ಉಂಟಾ ನಿಮ್ಮ ಹತ್ರ?"

ಇರಲಿಲ್ಲ. ಒಂದು ಜೊತೆ ಚಪ್ಪಲಿ, ಅರುವತ್ತು ಕಿಲೋ, ಮುಟ್ಟದ ಬುತ್ತಿ. ಅಷ್ಟೇ. ಮಾಮ ಯಾರದೋ ಸ್ಕೂಟರಿನಲ್ಲಿ ಬರಿಗಾಲಲ್ಲಿ ಆಸ್ಪತ್ರೆಗೆ ಹೋಗಿದ್ದರೆ? ಸೀಲು ಒಡೆದು ಒಳಗೆ ಬರೀ ತಟ್ಟೆ ಇದ್ದರೆ? ಒಡೆಯದೆ ಬಂದರಿಗೆ ಹೋಗಿ, ಅಲ್ಲಿ ತೆರೆದಾಗ ಮಾಮ ಇದ್ದರೆ? ಸೂಪರ್‌ವೈಸರ್ ತಿರುಗಿ ನನ್ನ ಮುಖ ನೋಡಿದ. ನಾನು ಡ್ರೈವರಿಗೆ ಫೋನ್ ಮಾಡಿದೆ.

"ಸೀಲ್ ಕತ್ತರಿಸಿ. ಈಗಲೇ."

"ನನ್ನಿಂದ ಆಗುದಿಲ್ಲ ಮೇಡಂ. ಸೀಲ್ ಮುಟ್ಟಿದ್ರೆ ನನ್ನ ಲೈಸನ್ಸ್ ಹೋಗ್ತದೆ, ಜೈಲಿಗೆ ಹಾಕ್ತಾರೆ. ನೀವು ಬನ್ನಿ, ನೀವೇ ಒಡೆಯಿರಿ."

"ನಾವು ಮುಟ್ಟುವಾಗ ಅರ್ಧ ಗಂಟೆ ಆಗ್ತದೆ."

"ಹಾಗಾದ್ರೆ ಬರೆದು ಕಳಿಸಿ. ನಿಮ್ಮ ಹೆಸರು ಹಾಕಿ. ಬಂದ ಕೂಡಲೇ ಒಡೀತೇನೆ."

ಅವನು ಹೇಳಿದ್ದು ತಪ್ಪಲ್ಲ. ಕುಲುಕುವ ಜೀಪಿನಲ್ಲಿ ನಾನು ಟೈಪ್ ಮಾಡಿದೆ. ನನ್ನ ಪೂರ್ತಿ ಹೆಸರು, ಹುದ್ದೆ, ಕಂಟೇನರಿನ ನಂಬರ್, ಸೀಲಿನ ನಂಬರ್. ಒಳಗೆ ಮನುಷ್ಯ ಸಿಕ್ಕಿಕೊಂಡ ಸಂಶಯವಿರುವುದರಿಂದ ಸೀಲು ಒಡೆಯಲು ನಾನು ಹೇಳಿದ್ದೇನೆ, ಪೂರ್ಣ ಜವಾಬ್ದಾರಿ ನನ್ನದು, ಡ್ರೈವರಿನದಲ್ಲ. ಕಳಿಸಿದೆ. ಹೋಗಲಿಲ್ಲ. ಆ ಇಳಿಜಾರಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಪರದೆಯ ಮೇಲಿನ ಸಣ್ಣ ಗಡಿಯಾರದ ಗುರುತನ್ನೇ ನೋಡುತ್ತಾ ಕೂತೆ. ಜೀಪು ಓಡಿಸುತ್ತಿದ್ದ ಲೋಡಿಂಗಿನವನ ಹತ್ತಿರ ಬೇಗ ಹೋಗಿ ಎನ್ನಲೂ ಭಯ, ನಿಧಾನ ಎನ್ನಲೂ ಭಯ. ಏರು ಹತ್ತಿದ ಮೇಲೆ ಟಿಕ್ ಬಿತ್ತು.

"ಇನ್ನೊಂದು," ಎಂದು ಫೋನ್ ಮಾಡಿ ಹೇಳಿದೆ, "ಒಡೆಯುವ ಮೊದಲು ಸೀಲಿನ ನಂಬರ್ ಕಾಣುವ ಹಾಗೆ ವಿಡಿಯೋ ತೆಗೀರಿ. ಯಾರನ್ನಾದರೂ ಇಬ್ಬರನ್ನು ಸಾಕ್ಷಿಗೆ ನಿಲ್ಲಿಸಿ."

ಕುಂಬಳೆ ದಾಟಿ ಹೈವೇಗೆ ಬಂದ ಮೇಲೆ ಎಷ್ಟು ಸಲ ಮಾಡಿದರೂ ಅವನು ಫೋನ್ ಎತ್ತಲಿಲ್ಲ.

ಉಪ್ಪಳ ಮುಟ್ಟಿದಾಗ ಲಾರಿಯ ಹಿಂದೆ ಮೂವತ್ತು ನಲವತ್ತು ಜನ ಸೇರಿದ್ದರು. ಕಂಟೇನರಿನ ಬಾಗಿಲು ತೆರೆದಿತ್ತು. ಹೈವೇಯ ಅಂಚಿನಲ್ಲಿ ನಮ್ಮ ಪೆಟ್ಟಿಗೆಗಳು ರಾಶಿಬಿದ್ದಿದ್ದವು. ಮೇಲಿನ ಸಂದಿಯಲ್ಲಿ ತೆವಳಿ ಹೋಗಲು ಮಾತ್ರ ಯಾರೂ ಮುಂದಾಗಿರಲಿಲ್ಲ. ಪಂಕ್ಚರ್ ಅಂಗಡಿಯವನು ಕೊಟ್ಟ ದೊಡ್ಡ ಕತ್ತರಿ ನೆಲದಲ್ಲಿತ್ತು. ಜನರನ್ನು ಸರಿಸಿ ನಾನು ಮುಂದೆ ಹೋಗಲಿಲ್ಲ, ಹೋಗಲಾಗಲಿಲ್ಲ. ಜೀಪಿನ ಬಾಗಿಲು ಹಿಡಿದು ನಿಂತೆ. ನಮ್ಮ ಲೋಡಿಂಗಿನ ಇಬ್ಬರು ಹಾರಿ ಒಳಗೆ ಹತ್ತಿದರು. ಒಬ್ಬ ಪೆಟ್ಟಿಗೆಗಳ ಮೇಲೆ ತೆವಳುತ್ತಾ "ಮಾಮಾ, ಮಾಮಾ" ಎಂದು ಕರೆಯುತ್ತಿದ್ದ. ಕರೆಯುವ ಸ್ವರ ಒಳಗೆ ಒಳಗೆ ಹೋಗಿ ಕಡಿಮೆಯಾಯಿತು. ಆಮೇಲೆ ಏನೂ ಕೇಳಲಿಲ್ಲ. ಆ ಹೊತ್ತು ಎಷ್ಟಿತ್ತೋ ನನಗೆ ತಿಳಿಯದು. ಕೊನೆಗೆ ಒಳಗಿನಿಂದ ಕೂಗಿದ, "ಉಂಟು! ಉಸಿರು ಉಂಟು!"

ಸಾಲಿನ ನಡುವಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಎಳೆದು ದಾರಿ ಮಾಡಿ ಅವರನ್ನು ಇಳಿಸಿದರು. ಬನಿಯನ್ ನೀರಿನಲ್ಲಿ ಅದ್ದಿದಂತೆ ಒದ್ದೆ. ಮುಖ ಬೂದಿಬಣ್ಣ. ಒಂದು ಕೈಯಲ್ಲಿ ಚೀಲ ಕಟ್ಟುವ ಪ್ಲಾಸ್ಟಿಕ್ ದಾರ ಇನ್ನೂ ಹಾಗೆಯೇ ಇತ್ತು. ಹೋಟೆಲಿನವರು ಸಕ್ಕರೆ ತಂದರು, ಯಾರೋ ವಸಡಿಗೆ ಹಚ್ಚಿದರು, ತಲೆಗೆ ನೀರು ಹಾಕಿದರು. ಆಂಬುಲೆನ್ಸ್ ಬಂತು. ಸೂಪರ್‌ವೈಸರ್ ಜೊತೆಗೆ ಹೋದ.

ನಾನು ಉಳಿದೆ. ಅಲ್ಲಿಂದ ಮುಂದಿನದು ನನಗೆ ಗೊತ್ತಿದ್ದ ಕೆಲಸ, ಅದಕ್ಕೇ ಅಂಟಿಕೊಂಡೆ. ಹೊರಗಿನ ಪೆಟ್ಟಿಗೆಗಳನ್ನು ಎಣಿಸಿದೆ. ತೊಂಬತ್ತೆರಡು. ಎರಡು ಜಜ್ಜಿದ್ದವು, ಅವುಗಳ ನಂಬರ್ ಬರೆದುಕೊಂಡೆ. ಎಲ್ಲವನ್ನೂ ಮರಳಿ ತುಂಬಿಸಿದೆವು. ಬ್ಯಾಗಿನಲ್ಲಿ ಬೇರೆ ಸೀಲುಗಳಿದ್ದವು, ಆದರೂ ಹಾಕಲಿಲ್ಲ. ಬದಲಿಗೆ ಅಂಗಡಿಯಿಂದ ಒಂದು ಬೀಗ ತಂದು ಹಾಕಿದೆ. ಒಡೆದ ಬೋಲ್ಟಿನ ಎರಡು ತುಂಡನ್ನೂ ಲಕೋಟೆಯಲ್ಲಿ ಇಟ್ಟೆ. ಹೋಟೆಲಿನವರೂ ಪಂಕ್ಚರ್ ಅಂಗಡಿಯವನೂ ನಾನು ಬರೆದ ವಿವರ ಓದಿ ಸಹಿ ಹಾಕಿದರು. ಏಜೆಂಟರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವರು, "ದೇವರು ದೊಡ್ಡವ. ಲಾರಿ ಹಾಗೇ ಕಳಿಸಿ, ನಾನು ಇಲ್ಲಿ ಹೇಳಿಡ್ತೇನೆ. ನಾಳೆ ಹತ್ತು ಗಂಟೆಯ ಒಳಗೆ ಲಿಖಿತ ವಿವರಣೆ ಬೇಕು" ಎಂದರು.

ಸಂಜೆ ಆರಕ್ಕೆ ಆಫೀಸಿಗೆ ಮರಳಿದಾಗ ಹಾಜಿಯವರು ಕಾದಿದ್ದರು. ಅವರು ಕೆಟ್ಟವರಲ್ಲ. ಆಸ್ಪತ್ರೆಗೆ ಹೋಗಿ, ಮಾಮನನ್ನು ನೋಡಿ, ಮನೆಯವರಿಗೆ ಧೈರ್ಯ ಹೇಳಿಯೇ ಬಂದಿದ್ದರು.

"ಜೀವ ಉಳಿಯಿತು, ಅಲ್‌ಹಮ್ದುಲಿಲ್ಲಾ," ಎಂದರು. "ಈಗ ಕಾಗದ. ಲಾರಿ ಹಿಂದೆ ತೆಗೆಯುವಾಗ ಕಂಬಕ್ಕೆ ತಾಗಿ ಸೀಲ್ ತುಂಡಾಯ್ತು ಅಂತ ಬರೀರಿ. ಮನುಷ್ಯ ಒಳಗೆ ಇದ್ದ ಅಂತ ಬರೆದ್ರೆ ಪೊಲೀಸ್, ಲೇಬರ್ ಆಫೀಸ್, ಯೂನಿಯನ್, ಎಲ್ಲ ಬರ್ತದೆ. ಇಲ್ಲಿ ಅರುವತ್ತು ಹೆಂಗಸರು ಕೆಲಸ ಮಾಡ್ತಾರೆ. ಮತ್ತೆ ಸಹಿ ಯಾರದ್ದು? ನಿಮ್ಮದು. ಮೊದಲು ಹಿಡಿಯುದು ನಿಮ್ಮನ್ನೇ. ನಿಮ್ಮ ಒಳ್ಳೇದಕ್ಕೇ ಹೇಳುದು."

ಅದು ನನಗೆ ಬೇಕಾದ ಮಾತೇ ಆಗಿತ್ತು. ವಿಡಿಯೋ ನನ್ನ ಮತ್ತು ಡ್ರೈವರಿನ ಫೋನಿನಲ್ಲಿ ಮಾತ್ರ ಇತ್ತು. ಸಾಕ್ಷಿಯ ಕಾಗದ ನನ್ನ ಬ್ಯಾಗಿನಲ್ಲಿ. ಮನೆಗೆ ಹೋಗಿ, ಅವರು ಹೇಳಿದಂತೆಯೇ ಒಂದು ಪುಟ ಬರೆದೆ. ಚೆನ್ನಾಗಿಯೇ ಬಂತು.

ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಗೆ ಹೋದೆ. ಮಾಮ ಎದ್ದು ಕೂತಿದ್ದರು, ಮಗಳು ಗಂಜಿ ಕುಡಿಸುತ್ತಿದ್ದಳು. ನನ್ನನ್ನು ಕಂಡು ನಕ್ಕರು. ನಾನು, "ಹೇಗುಂಟು ಮಾಮ?" ಎಂದೆ.

"ಈಗ ಅಡ್ಡಿ ಇಲ್ಲ ಬಾಯಮ್ಮ. ಚೀಲ ಕಟ್ಟಿ ತಿರುಗುವಾಗ ಕಣ್ಣು ಕತ್ತಲೆ ಬಂತು. ಎಚ್ಚರ ಆಗುವಾಗ ಬೆಳಕು ಹೋಗಿತ್ತು. ಹೊರಗೆ ನೀವು ನಂಬ್ರ ಓದುದು ಕೇಳಿತು. ಎರಡು ಸಲ ಓದಿದಿರಿ. ನಾನು ಕರೆದೆ. ಸ್ವರ ಬರ್ಲಿಲ್ಲ. ಕೈಯಲ್ಲಿ ಬಡಿದೆ ಅಂತ ನೆನಪು."

ಅವರ ಮಾತಿನಲ್ಲಿ ದೂರು ಇರಲಿಲ್ಲ. ಹಾದಿಯಲ್ಲಿ ಕಂಡದ್ದನ್ನು ಹೇಳುವಂತೆ ಹೇಳಿದರು. ಬಡಿದ ಸದ್ದು ನನಗೆ ಕೇಳಿದ ನೆನಪಿಲ್ಲ. ಕೇಳಿಯೇ ಇರಲಿಲ್ಲವೆಂದು ಆಣೆ ಹಾಕಿ ಹೇಳಲಾರೆ.

ಆಸ್ಪತ್ರೆಯ ಹೊರಗಿನ ಸಿಮೆಂಟ್ ಬೆಂಚಿನಲ್ಲಿ ಕೂತು ಇನ್ನೊಂದು ಕಾಗದ ಬರೆದೆ. ಸೀಲು ಹಾಕುವ ಮೊದಲು ಒಳಭಾಗವನ್ನು ನಾನು ಬಾಗಿಲಿನಿಂದ ಮಾತ್ರ ನೋಡಿದೆ, ಒಳಗೆ ಹೋದವರು ಹೊರಗೆ ಬಂದರೇ ಎಂದು ಕೇಳಲಿಲ್ಲ. ಅಲ್ಲಿಂದ ಶುರುಮಾಡಿ ಗಂಟೆ ನಿಮಿಷ ಹಾಕಿ ಎಲ್ಲವನ್ನೂ ಬರೆದೆ. ಒಂಬತ್ತೂವರೆಗೆ ಏಜೆಂಟರಿಗೆ ಮೇಲ್ ಮಾಡಿದೆ, ವಿಡಿಯೋ ಸಹಿತ. ಆಮೇಲೆ ಹಾಜಿಯವರಿಗೆ ಫೋನ್ ಮಾಡಿ ತಿಳಿಸಿದೆ. ಕೇಳಿದವರೇ ಫೋನ್ ಇಟ್ಟರು.

ಬಂದರಿನಲ್ಲಿ ಕಂಟೇನರನ್ನು ಪೂರ್ತಿ ಖಾಲಿ ಮಾಡಿಸಿ ಪ್ರತಿಯೊಂದು ಪೆಟ್ಟಿಗೆಯನ್ನೂ ಪರೀಕ್ಷಿಸಿದರು. ಹಡಗು ತಪ್ಪಿತು. ಮಂಗಳವಾರ ಇಬ್ಬರು ಅಧಿಕಾರಿಗಳು ಫ್ಯಾಕ್ಟರಿಗೆ ಬಂದರು. ನನ್ನ ಹೇಳಿಕೆ ಬರೆದುಕೊಂಡ ಸೂಪರಿಂಟೆಂಡೆಂಟರು ಮೊದಲೇ ಎಚ್ಚರಿಸಿದರು, ಇದು ಕೋರ್ಟಿನಲ್ಲಿ ಸಾಕ್ಷಿಯಾಗುವ ಹೇಳಿಕೆ, ಸುಳ್ಳು ಹೇಳಿದರೆ ಅದೂ ಅಪರಾಧ. ಎದುರು ಸಹಿ ಹಾಕಿದ ಹಾಳೆ.

"ಖುದ್ದಾಗಿ ಪರಿಶೀಲಿಸಿದ್ದೇನೆ ಅಂತ ಇಲ್ಲಿದೆ. ಪರಿಶೀಲಿಸಿದ್ದೀರಾ?"

"ಇಲ್ಲ ಸರ್."

ಅವರು ಬರೆದರು. ಮೂರು ಗಂಟೆ ಹೊತ್ತು ಕೇಳಿದರು, ತೂಕದ ಚೀಟಿಯ ಬಗ್ಗೆಯೇ ನಾಲ್ಕು ಪ್ರಶ್ನೆ. ಕೊನೆಗೆ ಪೆನ್ನಿನ ಮುಚ್ಚಳ ಹಾಕಿ, "ಎಲ್ಲಾದರೂ ತಾಗಿ ಸೀಲು ತುಂಡಾಯಿತು ಎಂದಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ. ಯಾಕೆ ಹೇಳಲಿಲ್ಲ?" ಎಂದರು.

"ಭಯ ಆಯಿತು ಸರ್."

"ನಮ್ಮ ಭಯವಾ?"

"ಅಲ್ಲ."

ಅದನ್ನು ಅವರು ಬರೆದುಕೊಳ್ಳಲಿಲ್ಲ.

ಆರು ವಾರ ಪ್ರತಿ ಟಪಾಲನ್ನೂ ನಾನೇ ಮೊದಲು ಬಿಚ್ಚಿ ನೋಡುತ್ತಿದ್ದೆ. ಕೇಸು ಆಗಲಿಲ್ಲ. ಪ್ರಾಮಾಣಿಕವಾಗಿ ತಿಳಿಸಿದ್ದನ್ನೂ ಜೀವ ಉಳಿಸಲು ಒಡೆದದ್ದನ್ನೂ ಪರಿಗಣಿಸಿ ಎಚ್ಚರಿಕೆ ಕೊಟ್ಟರು. ಸ್ವಂತ ಸೀಲಿನ ಅನುಮತಿಯನ್ನು ಅಮಾನತಿನಲ್ಲಿಟ್ಟು, ಅದು ಮರಳಿ ಸಿಗುವವರೆಗೆ ಅಧಿಕಾರಿಯ ಎದುರಲ್ಲೇ ತುಂಬಬೇಕೆಂದು ಆದೇಶ ಬಂತು. ಹಾಜಿಯವರು ಒಂದು ತಿಂಗಳು ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆದರೆ ನನ್ನನ್ನು ತೆಗೆಯಲೂ ಇಲ್ಲ. ಮಾಮನನ್ನು ಲೋಡಿಂಗಿನಿಂದ ಬಿಡಿಸಿ, ಫ್ಯಾನಿನ ಕೆಳಗೆ ತಟ್ಟೆ ವಿಂಗಡಿಸುವ ಮೇಜಿಗೆ ಹಾಕಿದರು. ಅಲ್ಲಿ ಹೆಂಗಸರ ನಡುವೆ ಕೂರಲು ಅವರಿಗೆ ಮೊದಮೊದಲು ನಾಚಿಕೆಯಿತ್ತು.

ಮುಂದಿನ ಕಂಟೇನರ್ ಬಂದದ್ದು ಜೂನಿನಲ್ಲಿ. ತುಂಬಿ ಮುಗಿದಾಗ ಅಧಿಕಾರಿ ಕುರ್ಚಿಯಿಂದ ಎದ್ದು, ಬಾಗಿಲು ಮುಚ್ಚಿಸಿ ಎಂದರು. ನಾನು ಸೂಪರ್‌ವೈಸರಿನ ಕೈಯಿಂದ ಟಾರ್ಚು ತೆಗೆದುಕೊಂಡು, ಚಪ್ಪಲಿ ಕಳಚಿ, ಏಣಿ ಹತ್ತಿದೆ. "ಅದೆಲ್ಲ ಬೇಡ ಮೇಡಂ" ಎಂದರು ಅಧಿಕಾರಿ. ಪೆಟ್ಟಿಗೆಗಳ ಮೇಲೆ ತೆವಳುತ್ತಾ ಹೋದೆ. ಚೂಡಿದಾರದ ಬೆನ್ನು ಮಾಡಿನ ಉಕ್ಕಿಗೆ ಉಜ್ಜುತ್ತಿತ್ತು. ಅರ್ಧ ದಾರಿಯಲ್ಲಿ ಕೈಕಾಲು ಅಲ್ಲಾಡದೆ ನಿಂತುಹೋಯಿತು. ಮುಂದೆ ಹೋಗಲಾರೆ, ಹಿಂದೆ ಬರಲಾರೆ. ಕಿವಿಯಲ್ಲಿ ನನ್ನ ಉಸಿರು ಮಾತ್ರ. ಹೊರಗೆ ಯಾರೋ ನಕ್ಕದ್ದು ಬಹಳ ದೂರದಿಂದ ಬಂದಂತೆ ಕೇಳಿತು. ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡಿದ್ದು, ಮತ್ತೆ ತೆವಳಿ ಕೊನೆಯ ಗೋಡೆಯನ್ನು ಕೈಯಿಂದ ಮುಟ್ಟಿದೆ. ಯಾರೂ ಇರಲಿಲ್ಲ.

ಇಳಿದು ಬಂದು ಮೇಜಿನ ಮೇಲಿದ್ದ ಹಾಳೆಗೆ ಫ್ಯಾಕ್ಟರಿಯ ಪರವಾಗಿ ಸಹಿ ಹಾಕಿದೆ. ಅಕ್ಷರ ಗೆರೆಯಿಂದ ಕೆಳಗೆ ಜಾರಿತು. ಅಧಿಕಾರಿ ಅದನ್ನು ಫೈಲಿನಲ್ಲಿದ್ದ ನನ್ನ ಹಳೆಯ ಸಹಿಯ ಪಕ್ಕ ಹಿಡಿದು ನೋಡಿದರು. ಎರಡೂ ಒಂದೇ ಥರ ಇರಲಿಲ್ಲ. ಅವರು ನನ್ನ ಮುಖ ನೋಡಿ, ಮುದ್ರೆ ಒತ್ತಿದರು.